ಮಲ್ಲಿಗೆಯಕ್ಕನ ಪತ್ತೇದಾರಿಕೆ

ಬೆಳಗಿನ ಹೊತ್ತು ಅಲೆವೂರಿನ ನಮ್ಮ ನೆರೆಮನೆಯ ಮಲ್ಲಿಗೆಯಕ್ಕನ ಹೂ ಕಟ್ಟುವ ಕೈಗೆ ಬಿಡುವಿರಲಿಲ್ಲ, ಕಿವಿ ಮಾತ್ರ ಖಾಲಿ. ಜಗಲಿಯಲ್ಲಿ ಮೊಗ್ಗಿನ ರಾಶಿಯ ಪಕ್ಕ ಕೂತ ಮೊಬೈಲು ಅವರಿಗೆ ಪತ್ತೇದಾರಿ ಕಾದಂಬರಿ ಓದಿ ಹೇಳುತ್ತಿತ್ತು. ಕಥೆಯಲ್ಲಿ ಯಾರಾದರೂ ಸುಳ್ಳಾಡಿದರೆ ಬಾಳೆನಾರು ಹಿಡಿದ ಬೆರಳು ಗಕ್ಕನೆ ನಿಲ್ಲುತ್ತಿತ್ತು.

"ಸುಳ್ಳು ಹೇಳುವವರ ಮನಸ್ಸಿನೊಳಗೆ ಎಂತ ಉಂಟೂಂತ ನೋಡ್ಬೇಕು ಮಾರಾಯ್ತಿ," ಎನ್ನುತ್ತಿದ್ದರು ನನಗೆ.

ಒಂದು ದಿನ ಕೊನೆಯ ಅಧ್ಯಾಯ ಶುರುವಾಗುವಾಗಲೇ, ಹೂವನ್ನು ಕಟಪಾಡಿಗೆ ಒಯ್ದು ಬಸ್ಸಿಗೆ ಹಾಕುವವನ ಬೈಕು ಬಂತು. ಅವನಿಗೂ ಅದೇ ಕಥೆಯ ಹುಚ್ಚು ಹಿಡಿಸಿದವರು ಅಕ್ಕನೇ. ಆದರೆ ಅವನು ಹಿಂದಿನ ದಿನವೇ ಕೇಳಿ ಮುಗಿಸಿದ್ದ.

"ಕೊಂದದ್ದು ಯಾರೂಂತ ಹೇಳ್ಲಾ ಅಕ್ಕ?"

"ಬಾಯಿ ಬಿಟ್ರೆ ಇವತ್ತು ಹೂವಿಲ್ಲ. ಆ ಪತ್ತೇದಾರನಿಗಿಂತ ಮೊದಲು ನಾನೇ ಹಿಡೀಬೇಕು."

ಅಕ್ಕ ಮೊಬೈಲು ನಿಲ್ಲಿಸಿ ಅವನ ಮುಖದ ಮೇಲೆ ಕಣ್ಣು ನೆಟ್ಟರು.

"ಡಾಕ್ಟರಾ?" ಅವನು ನಕ್ಕ.

"ತಮ್ಮನಾ?" ಇನ್ನೂ ಜೋರಾಗಿ ನಕ್ಕ.

"ಸತ್ತವನ ಹೆಂಡತಿ?" ಅವನು ಥಟ್ಟನೆ ಬಗ್ಗಿ, ಕಟ್ಟಿಟ್ಟ ಹೂವನ್ನು ಸರಿಮಾಡತೊಡಗಿದ.

"ಸಿಕ್ಕಿದಳು," ಎಂದು ಅಕ್ಕ ತೊಡೆ ತಟ್ಟಿದರು.

"ಗೊತ್ತಾಯ್ತಲ್ಲ, ಇನ್ನು ಬೇಗ ಕಟ್ಟಿ ಕೊಡಿ. ಬಸ್ಸು ತಪ್ತದೆ," ಎಂದ ಅವನು ಸೋತ ಮುಖದಲ್ಲಿ.

"ಯಾರೂಂತ ಗೊತ್ತಾಯ್ತು. ಪಾಪ, ಅವಳು ಯಾಕೆ ಕೊಂದಳೂಂತ ಕೇಳ್ಬೇಡ್ವಾ? ಕೂತ್ಕೋ."

ಅವನು ರಸ್ತೆಯ ಕಡೆಗೊಮ್ಮೆ, ಮೊಬೈಲಿನ ಕಡೆಗೊಮ್ಮೆ ನೋಡಿದ. ಆಮೇಲೆ ಚಪ್ಪಲಿ ಕಳಚಿ ಜಗಲಿಯೇರಿ, ಉಳಿದ ಮೊಗ್ಗಿನಲ್ಲಿ ಅರ್ಧವನ್ನು ತನ್ನ ಮುಂದಕ್ಕೆ ಎಳೆದುಕೊಂಡು ಕಟ್ಟಲು ಕೂತ.