ಮುಯ್ಯಿ ಕೊಟ್ಟ ಕೈ

ಮೊನ್ನೆ ಬಾದನಹಟ್ಟಿಯ ಮದುವೆಯೊಂದರಲ್ಲಿ ವೇದಿಕೆಯ ಪಕ್ಕ, ಮುಯ್ಯಿ ಹಾಕುವವರು ಫೋನಿನಲ್ಲೇ ಹಾಕಲೆಂದು ಸ್ಕ್ಯಾನ್ ಮಾಡುವ ಹಲಗೆ ಇಟ್ಟಿದ್ದರು. ಎಲ್ಲರೂ ಮೆಚ್ಚಿಕೊಂಡರು. ನಾನು ಮಾತ್ರ ಊಟ ಅರ್ಧಕ್ಕೇ ಬಿಟ್ಟು ಎದ್ದೆ. ಯಾಕೆ ಅಂತೀರಾ? ಹೇಳಿಬಿಡುತ್ತೇನೆ.

ನೋಟು ಬಂದ್ ಆದ ವರ್ಷ ಸಿರುಗುಪ್ಪದಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇತ್ತು. ಹಳೆಯ ಐನೂರು, ಸಾವಿರ ನಡೆಯುವುದಿಲ್ಲ ಎಂದಿದ್ದೇ ತಡ, ಕ್ಯಾಮೆರಾ ಹೆಗಲಿಗೇರಿಸಿ ಹೊರಟೆ. ಬಳ್ಳಾರಿಯ ಬ್ಯಾಂಕುಗಳ ಮುಂದಿನ ಸಾಲು, ಜಾಗ ಹಿಡಿಯಲು ಸಾಲಿನಲ್ಲಿ ಬಿಟ್ಟ ಚಪ್ಪಲಿ, ಬರಿಗೈಯಲ್ಲಿ ಕರೂರಿನ ಬಸ್ಸು ಹತ್ತಿದ ಕೂಲಿ ಹೆಂಗಸರು, ಒಂದನ್ನೂ ಬಿಡಲಿಲ್ಲ. ಮುಂದಿನವರಿಗೆ ದಾಖಲೆ ಬೇಕಲ್ಲ! ಅಂಥ ದೊಡ್ಡ ಮನುಷ್ಯ ನಾನು. ಸಾಲಿನ ಫೋಟೊ ತೆಗೆದೆನೇ ಹೊರತು ಸಾಲಿನಲ್ಲಿ ನಿಲ್ಲುವ ತಾಳ್ಮೆ ನನಗಿರಲಿಲ್ಲ.

ಅದೇ ವಾರ ಕುರುಗೋಡಿನಲ್ಲಿ ಗೆಳೆಯ ವೀರೇಶನ ಮಗಳ ಮದುವೆ, ಫೋಟೊ ತೆಗೆಯುವವನು ನಾನೇ. ಮುಯ್ಯಿ ಕೊಡುವವರು ನೋಟನ್ನು ಕ್ಯಾಮೆರಾ ಕಡೆ ತಿರುಗಿಸಿ ಒಂದು ಕ್ಷಣ ನಿಲ್ಲುವುದು ನಮ್ಮ ಕಡೆಯವರ ಚಾಳಿ. ಒಂದೊಂದು ಕೈಯನ್ನೂ ಹತ್ತಿರದಿಂದ ಫೋಟೊದಲ್ಲಿ ಹಿಡಿದೆ. ಬಹಳಷ್ಟು ಹಳೆಯ ನೋಟೇ.

ಮೂರು ದಿನಕ್ಕೆ ವೀರೇಶ ಸ್ಟುಡಿಯೊಗೆ ಬಂದು ಬಾಗಿಲು ಮುಚ್ಚಿ ಕೂತ. ಅಡುಗೆಯವರು, ಶಾಮಿಯಾನದವರು ಹಳೆಯ ನೋಟು ಮುಟ್ಟುತ್ತಿಲ್ಲವಂತೆ. ಮನೆ ಮುಂದೆ ಬಂದು ಕೂತಿದ್ದಾರಂತೆ. ನಿದ್ದೆಯಿಲ್ಲದೆ ಅವನ ಕಣ್ಣು ಕೆಂಪಾಗಿದ್ದವು.

"ಯಾರ್ಯಾರು ಹಳೇ ನೋಟು ನನಗ ದಾಟಿಸ್ಯಾರ ನೋಡ್ಬೇಕಲೇ. ಒಬ್ಬೊಬ್ಬರ ಮಖಾನೂ ತೋರ್ಸು."

ಕಂಪ್ಯೂಟರಿನಲ್ಲಿ ತೋರಿಸುತ್ತ ಹೋದೆ. ಮುಂದೆ ಒಂದು ಫೋಟೊ ಬರುವುದಿತ್ತು. ಮುಖ ನನ್ನ ಹೆಂಡತಿ ಗಿರಿಜೆಯದು, ಕೈಯಲ್ಲಿನ ಹಳೆಯ ಐನೂರು ನನ್ನದು. ನೂರರ ನೋಟುಗಳು ಜೇಬಿನಲ್ಲಿದ್ದರೂ, ಗದ್ದಲದಲ್ಲಿ ಯಾರು ನೋಡುತ್ತಾರೆ ಎಂದು ಅದನ್ನೇ ಅವಳ ಕೈಗೆ ತುರುಕಿದ್ದೆ. ಅವಳು ಒಮ್ಮೆ ನನ್ನ ಮುಖ ನೋಡಿದ್ದಳು. ನಾನು ಕ್ಯಾಮೆರಾದ ಹಿಂದೆ ಅಡಗಿದ್ದೆ.

ಆ ಫೋಟೊ ಬರುವ ಹೊತ್ತಿಗೆ ಗುಂಡಿ ಎರಡು ಸಲ ಒತ್ತಿದೆ.

"ನಡುವ ಒಂದು ಬಿಟ್ಟಿ," ಎಂದ ವೀರೇಶ.

ಹಿಂದಕ್ಕೆ ಬಂದೆ. ಅವನು ಮುಂದೆ ಬಾಗಿ ಮೊದಲು ನೋಟು ನೋಡಿದ, ಆಮೇಲೆ ಮುಖ. "ತಂಗ್ಯಮ್ಮನ ಮಖ ಚಲೋ ಬಂದೈತಿ," ಎಂದು ಎದ್ದುಬಿಟ್ಟ. ಉಳಿದವನ್ನು ನೋಡಲೇ ಇಲ್ಲ. ಆಲ್ಬಮ್ಮಿನ ದುಡ್ಡನ್ನು ಒಂದು ರೂಪಾಯಿ ಚೌಕಾಸಿ ಮಾಡದೆ, ಹೊಸ ನೋಟಿನಲ್ಲೇ ಕಳಿಸಿದ. ಬೈದಿದ್ದರೆ ಬದುಕುತ್ತಿದ್ದೆ. ಆಮೇಲೆ ಅವನು ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ.

ಸ್ಟುಡಿಯೊದಲ್ಲಿ ನಡೆದದ್ದನ್ನು ಗಿರಿಜೆಗೆ ಹೇಳಿರಲಿಲ್ಲ. ವೀರೇಶಣ್ಣ ಯಾಕೆ ಬರುವುದಿಲ್ಲ ಎಂದು ಕೇಳಿದಾಗಲೆಲ್ಲ ಏನೋ ಒಂದು ಹೇಳಿ ಸಾಗಹಾಕುತ್ತಿದ್ದೆ. ಮೊನ್ನೆ ಬಾದನಹಟ್ಟಿಯಿಂದ ಬರುವಾಗ ಬಸ್ಸಿನಲ್ಲಿ ತಡೆಯಲಾಗದೆ ಎಲ್ಲ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಹೊರಗೆ ನೋಡುತ್ತಲೇ ಹೇಳಿದಳು.

"ನೋಟು ನೀವು ಕೊಡಬೇಕಿತ್ತು. ಕ್ಯಾಮೆರಾ ನನ್ನ ಕೈಯಾಗ ಕೊಡಬೇಕಿತ್ತು."