ಹುಣಸೆಮರದ ಮೇಲೆ ಹೊರಿಸಿದ ತಪ್ಪು

ಹನುಮಂತನನ್ನು ಕೆಡವಿದ್ದು ಹುಣಸೆಮರದ ದೆವ್ವವಲ್ಲ, ನನ್ನ ಮಗ. ಮರ ಕಡಿಯುವ ಗುತ್ತಿಗೆ ಬೇಕಾದರೆ ಬೆಲ್ಟು, ಹಗ್ಗ, ತರಬೇತಿ ಪಡೆದ ಆಳು ಇರಲೇಬೇಕೆಂದು ಪುರಸಭೆಯ ಕರಾರು. ಮಗ ಎಲ್ಲವನ್ನೂ ಎರವಲು ತಂದು ತೋರಿಸಿ ಟೆಂಡರ್ ಹಿಡಿದ. ಆದರೆ ಬ್ಯಾಡಗಿ ರಸ್ತೆಯ ಆ ಹುಣಸೆಮರಕ್ಕೆ ಕೂಲಿಯವ ಹನುಮಂತನನ್ನು ಹಗ್ಗವಿಲ್ಲದೆ ಹತ್ತಿಸಿದ. ಅವನು ಬಿದ್ದು ಸೊಂಟ ಮುರಿದುಕೊಂಡ ಮೇಲೆ, ದೆವ್ವ ತಳ್ಳಿತೆಂದು ಮಗ ಊರಿಗೆಲ್ಲ ಹೇಳಿದ.

ಮೊನ್ನೆ ಸಂಜೆ ಹನುಮಂತನ ಹೆಂಡತಿ ಕರಿ ಕೋಳಿ ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದಳು.

"ಆಯಿ, ಇದನ್ನ ಆ ಮರಕ್ಕ ಕೊಟ್ರ ನಮ್ಮನಿಯವ್ರು ಎದ್ದು ಅಡ್ಡಾಡ್ತಾರೇನ್ರಿ?"

"ಕೋಳಿ ಮನಿಗೆ ಒಯ್ಯಿ, ತಂಗಿ. ದೆವ್ವ ಮರದಾಗಿಲ್ಲ, ನಮ್ಮ ಮನ್ಯಾಗ ಐತಿ," ಎಂದೆ. ಒಳಗಿದ್ದ ಮಗ ಹೊರಗೆ ಬರಲಿಲ್ಲ.

ಮರುದಿನ ಬೆಳಗ್ಗೆ ಪುರಸಭೆಗೆ ಹೋಗಿ ನಡೆದದ್ದನ್ನೆಲ್ಲ ಸಾಹೇಬರಿಗೆ ಹೇಳಿದೆ. ಇನ್ನು ನನ್ನ ಮಗನಿಗೆ ಗುತ್ತಿಗೆ ಕೊಡಬೇಡಿರೆಂದು ಹೇಳಿ ಬಂದೆ.