ಹುಳಿ ಬಂದ ಪೆಟ್ರೋಲು

ಬಹಳ ದಿನದಿಂದ ನಿಂತೇ ಇದ್ದ ನನ್ನ ಸ್ಕೂಟರಿನ ಹಳೇ ಪೆಟ್ರೋಲನ್ನು ಉದಯಗಿರಿಯ ಮೆಕ್ಯಾನಿಕ್ ಇವತ್ತು ಕ್ಯಾನಿಗೆ ಇಳಿಸಿದರು. ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ನಾನು ನಮ್ಮ ಹಳೇ ಮನೆಯ ಹಿತ್ತಲಲ್ಲಿದ್ದೆ.

ಅಪ್ಪನೂ ಹೀಗೇ ಒಮ್ಮೆ ಪೆಟ್ರೋಲು ಇಳಿಸಿಟ್ಟು, ಕೆಟ್ಟುಹೋಗಿದೆ ಅಂತ ಗೊಣಗುತ್ತಾ ಕೈ ತೊಳೆಯಲು ಹೋದರು.

"ಪೆಟ್ರೋಲೂ ಹಳಸುತ್ತಾ ಅಜ್ಜಿ?" ಅಂದೆ.

ಅಜ್ಜಿ ಬಗ್ಗಿ ಮೂಸಿದರು. "ಹೂಂ ಕಣೇ, ಹುಳಿ ಬಂದಿದೆ."

ನಮ್ಮನೆಯಲ್ಲಿ ಹುಳಿ ಬಂದದ್ದನ್ನು ಚೆಲ್ಲುವ ಪದ್ಧತಿಯೇ ಇರಲಿಲ್ಲ. ಹುಳಿ ಮಜ್ಜಿಗೆಯಲ್ಲೇ ತಾಮ್ರದ ಹಂಡೆ ಉಜ್ಜುತ್ತಿದ್ದರು. ಅಜ್ಜಿ ಕ್ಯಾನು ಎತ್ತಿಕೊಂಡು ನೇರ ಬಚ್ಚಲುಮನೆಗೆ ನಡೆದರು. ಅಲ್ಲಿ ಹಂಡೆಯ ಒಲೆಯಲ್ಲಿ ಇನ್ನೂ ಕೆಂಡವಿತ್ತು.

"ಅಮ್ಮಾ, ಅಲ್ಲೇ ನಿಲ್ಲು!" ಅಪ್ಪ ಓಡಿಬಂದು ಕ್ಯಾನು ಕಿತ್ತುಕೊಂಡರು.

"ಹಳಸಿದ್ದು ತಾನೇ? ಅದರಲ್ಲೇನೋ ಕಸುವಿರುತ್ತೆ?"

ಅಪ್ಪ ಕ್ಯಾನನ್ನು ಹೊರಗೆ ತಂದರು. ಹಿತ್ತಲ ಕಲ್ಲಿನ ಮೇಲೆ ಒಂದು ಮುಚ್ಚಳದಷ್ಟು ಸುರಿದು, ದೂರ ನಿಂತು ಕಡ್ಡಿ ಗೀರಿ ಎಸೆದರು. ಭಗ್ಗೆಂದಿತು.

ಅಜ್ಜಿ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಅಂದರು, "ಹಳಸಿದ್ದಕ್ಕೇ ಇಷ್ಟು ಸಿಟ್ಟಾ!"

"ಇದನ್ನೇನ್ಮಾಡ್ತೀರಿ?" ಅಂತ ಇವತ್ತು ಮೆಕ್ಯಾನಿಕ್ಕನ್ನು ಕೇಳಿದೆ.

"ಮೋರಿಗಂತೂ ಸುರಿಯಲ್ಲ ಬುಡಿ ಅಕ್ಕ. ಹಳೇ ಆಯಿಲ್ ತಗೊಂಡು ಹೋಗೋರಿಗೆ ಕೊಟ್ಬುಡ್ತೀವಿ."

ಅವರು ಮುಚ್ಚಳ ಹಾಕುವ ಮುಂಚೆ ನಾನೂ ಬಗ್ಗಿ ಮೂಸಿದೆ.

ಅಜ್ಜಿಯ ಮೂಗು ಸುಳ್ಳು ಹೇಳಿರಲಿಲ್ಲ. ಹುಳಿ ಬಂದಿತ್ತು.